ನಡಾವಳಿ

ಡೊನೆಗಾಲ್ ಕರಾವಳಿಯ ಈ ಪುಟ್ಟ ಪೌರಸಭೆಯಲ್ಲಿ
ಮೂವತ್ತೊಂದು ವರ್ಷ ನಡಾವಳಿ ಬರೆದವಳು ನಾನು, ಡಿಂಪ್ನಾ.
ಮೇಜಿನ ತುದಿಯಲ್ಲಿ, ಹೀಟರಿನ ಪಕ್ಕ,
ಎಡಗಾಲು ಬೆಂದು ಬಲಗಾಲು ಸೆಟೆಯುವ ಜಾಗದಲ್ಲಿ.
ಕೆಲಸ ಸಿಕ್ಕಿದ್ದಕ್ಕೆ ಕಾರಣ ಶಿಫಾರಸು ಪತ್ರದಲ್ಲೇ ಇತ್ತು:
ಮಿತಭಾಷಿ.

ಶೀಘ್ರಲಿಪಿ ಕಲಿಸಿದ ಸನ್ಯಾಸಿನಿ ಹೇಳುತ್ತಿದ್ದರು:
'ಪ'ಕ್ಕೆ ತೆಳುಗೆರೆ, 'ಬ'ಕ್ಕೆ ದಪ್ಪಗೆರೆ,
ಪೆನ್ಸಿಲ್ ಒತ್ತುವುದರಲ್ಲೇ ಇದೆ ಎಲ್ಲ.
ಕೆಮ್ಮಿಗೆ ಗುರುತಿಲ್ಲ. ಆಕಳಿಕೆಗಿಲ್ಲ.
ದನಿ ಕೀರಲೋ ಗಡುಸೋ, ಅದಕ್ಕೂ ಇಲ್ಲ.
ಆಡಿದ್ದನ್ನಷ್ಟೇ ಬರೆ, ಮಗೂ.

ಮಂಗಳವಾರ ಫಿನೂಲಾ ಎದ್ದು ನಿಂತಳು.
ಮೊದಲ ಸಲ ಗೆದ್ದು ಬಂದವಳು, ಬಲೆ ಹೆಣೆಯುವವರ ಮಗಳು.
ಜಾರುಕಟ್ಟೆಯ ದೀಪ ಕೆಟ್ಟು ನಲವತ್ತು ದಿನವಾಯಿತು, ಅಂದಳು.
ಐಸ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬರುವ ಹೆಂಗಸರು
ಗೋಡೆ ತಡವಿಕೊಂಡು ನಡೆಯುತ್ತಾರೆ, ಅಂದಳು.
ಕಂಬ ಬೇಡ, ಬಲ್ಬು ಸಾಕು, ಹನ್ನೊಂದು ಯೂರೋ.

ಮಲಾಕಿ ಬಾಯ್ಲ್ ಕನ್ನಡಕ ತೆಗೆದರು.
"ಯಾಕಮ್ಮ ವಾಕ್ಯವನ್ನೆಲ್ಲ ಪ್ರಶ್ನೆಯ ಹಾಗೆ ಮೇಲೆತ್ತಿ ಮುಗಿಸುತ್ತೀ?"
ತಗ್ಗಿಸಿದಳು.
"ಕೇಳಿಸುತ್ತಿಲ್ಲ," ಹಿಂದಿನ ಸಾಲು.
ಏರಿಸಿದಳು.
"ಕಿವಿ ತೂತಾಗುತ್ತೆ."
"ಕ್ಷಮಿಸಿ, ನಾನು ಹೇಳಬೇಕೆಂದಿದ್ದು ಇಷ್ಟೇ..."
"ಮಾತಿಗೊಮ್ಮೆ ಕ್ಷಮೆ ಕೇಳಿದರೆ ಯಾರು ನಂಬುತ್ತಾರೆ?"
ಕ್ಷಮೆ ಬಿಟ್ಟು ಹೇಳಿದಳು.
"ನೋಡಿ, ಎಷ್ಟು ಬಿರುಸು. ಸ್ವಲ್ಪ ನಕ್ಕು ಹೇಳಬಾರದೆ?"

ಅಷ್ಟರಲ್ಲಿ ಚಹಾ ಬಂತು.
ಚಹಾದ ನಂತರ ಯೂನನ್, ಅಂಗಿಯ ಮೇಲಿನ ಬಿಸ್ಕತ್ತಿನ ಪುಡಿ ಕೊಡವುತ್ತ,
"ಬಲ್ಬೊಂದು ಹಾಕಿಸಿದರೆ ಹೇಗೆ?" ಅಂದ,
ಪ್ರಶ್ನೆಯ ಹಾಗೆಯೇ, ಮೇಲೆತ್ತಿ.
ಸಭೆ ತಲೆದೂಗಿತು.

ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ,
ಯೂನನನದು ಹೋಗುತ್ತದೆ ನಿಜ, ನೆಟ್ಟಗೆ ಖಜಾನೆಯವರೆಗೆ.
ಫಿನೂಲಾಳದು ಹೋಗುವುದಿಲ್ಲ.
ವಿಳಾಸ ತಪ್ಪಿದ ಕಾಗದದಂತೆ
ಮೈತುಂಬ ಮುದ್ರೆ ಒತ್ತಿಸಿಕೊಂಡು ಅವಳ ಬಾಗಿಲಿಗೇ ವಾಪಸು.

ಹೀಗೆಲ್ಲ ಸಿಟ್ಟಿನಿಂದ ಯೋಚಿಸುತ್ತ
ರಾತ್ರಿ ಕಚೇರಿಯಲ್ಲೇ ಕೂತೆ, ಟೈಪು ಮಾಡಲು.
ಬರುವ ತಿಂಗಳು ನಿವೃತ್ತಿ. ಕಪಾಟಿನ ಹಳೆ ಸಂಪುಟವೊಂದನ್ನು
ಸುಮ್ಮನೆ ಎಳೆದೆ.

ಶ್ರೀ ಬಾಯ್ಲ್ ವಿವರಿಸಿದರು. ಶ್ರೀ ಡೋಹರ್ಟಿ ಪ್ರತಿಪಾದಿಸಿದರು.
ಶ್ರೀ ಬಾಯ್ಲ್ ದೃಢವಾಗಿ ನುಡಿದರು.
ಆ ದಿನ ಮೇಜು ಗುದ್ದಿ ಶಾಯಿ ಚೆಲ್ಲಿದ್ದರು, ನೆನಪಿದೆ.
ಶ್ರೀಮತಿ ಹೆಗಾರ್ಟಿ ಅಲವತ್ತುಕೊಂಡರು.
ಶ್ರೀಮತಿ ಹೆಗಾರ್ಟಿ ಮತ್ತೆ ಅದನ್ನೇ ಎತ್ತಿದರು.
ಕುಮಾರಿ ಸ್ವೀನಿ ಗೊಣಗಿದರು, ರೇಗಿದರು, ಭಾವುಕರಾದರು.

ಅಕ್ಷರ ನನ್ನದು. ಯಾರೂ ಹೇಳಿ ಬರೆಸಿದ್ದಲ್ಲ.

ಪೆನ್ಸಿಲಿನ ಮೂಲ ಪುಸ್ತಕ ತೆಗೆದು ತಾಳೆ ನೋಡಿದೆ.
ಹೆಗಾರ್ಟಿ ಅಂದದ್ದು ಒಂದೇ ವಾಕ್ಯ,
ಶಾಲೆಯ ಕುಡಿಯುವ ನೀರಿನಲ್ಲಿ ಸೀಸವಿದೆ ಎಂದು.
ತೆಳುಗೆರೆ, ದಪ್ಪಗೆರೆ, ಎಲ್ಲ ಅದರದರ ಜಾಗದಲ್ಲಿ.
ಅಳು ಎಲ್ಲೂ ಇಲ್ಲ.
ಟೈಪು ಮಾಡುವಾಗ ನಾನು ಬೆರೆಸಿದ್ದು ಅದು.
ಹೆಗಾರ್ಟಿ ತೀರಿಕೊಂಡು ಒಂಬತ್ತು ವರ್ಷ.

ಕಿಟಕಿಯಾಚೆ ದೋಣಿಗಳ ಹಗ್ಗ ಕಿರುಗುಟ್ಟುತ್ತಿತ್ತು.
ಅದನ್ನು ಯಾರೂ ದೂರುವುದಿಲ್ಲ.

ಮಂಗಳವಾರದ ನಡಾವಳಿಗೆ ಒಂದೇ ಕ್ರಿಯಾಪದ ಸಾಕೆಂದುಕೊಂಡೆ.
ಫಿನೂಲಾ ಹೇಳಿದರು. ಬಾಯ್ಲ್ ಹೇಳಿದರು.
ಫಿನೂಲಾ ಹೇಳಿದರು. ಹಿಂದಿನ ಸಾಲು ಹೇಳಿತು.
ಫಿನೂಲಾ ಹೇಳಿದ್ದನ್ನು ಯೂನನ್
ಚಹಾದ ನಂತರ ಹೇಳಿದರು.

ಸಹಿಗೆ ಒಯ್ದಾಗ ಮಲಾಕಿ ಎರಡು ಸಲ ಓದಿದರು.
ತಪ್ಪು ಸಿಗಲಿಲ್ಲ. ಪೆನ್ನಿನ ಮುಚ್ಚಳ ಕಚ್ಚಿದರು.
"ಎಲ್ಲ ಸರಿಯಾಗೇ ಇದೆ ಡಿಂಪ್ನಾ,
ಓದೋಕೆ ಯಾಕೋ ಸ್ವಲ್ಪ ಕರ್ಕಶ."

ಬಲ್ಬು ಇನ್ನೂ ಬಂದಿಲ್ಲ. ಟೆಂಡರು ಕರೆಯಬೇಕಂತೆ.
ರಾತ್ರಿ ಜಾರುಕಟ್ಟೆಯ ಬಳಿ ಗೋಡೆ ತಡವುತ್ತ ಬರುವಾಗ
ಎದುರಿನಿಂದ ಯಾರೋ, ಹೆಣ್ಣುದನಿ, "ಯಾರದು?"
"ನಾನೇ," ಅಂದೆ.
ಜೋರಾಗಿಯೋ, ನಡುಗುತ್ತಲೋ, ಮೇಲೆತ್ತಿಯೋ
ಗೊತ್ತಿಲ್ಲ. ಅಂದೆ.
ಅವಳು ಪಕ್ಕಕ್ಕೆ ಸರಿದು
ಗೋಡೆಯ ಬದಿ ನನಗೆ ಬಿಟ್ಟಳು.